ಒಂಬತ್ತನೇ ಹಾಡು ಯಾರದು

ಜನವರಿ 18, ಶನಿವಾರ, ಬೆಳಿಗ್ಗೆ 11

ಮೂರನೇ ಹಾಡಿನ ಮಿಕ್ಸಿಂಗ್ ಮುಗಿಯಿತು. ಸುನಿಲ್‌ನ ಗಿಟಾರ್ ಈಮೇಲ್‌ನಲ್ಲಿ ಬಂತು. ತೇಜಶ್ರೀ ಹೊಸ ಅಪಾರ್ಟ್‌ಮೆಂಟಿನ ಬಟ್ಟೆ ಕಪಾಟಿನೊಳಗೆ ನಿಂತು ಹಾಡಿ ಕಳಿಸಿದ್ದಾಳೆ. ರಘುವಿನ ಡ್ರಮ್ಸ್ ರೆಂಟನ್ ಊರಿನ ಅವನ ಮನೆಯಿಂದ. ಕೀಬೋರ್ಡ್ ನನ್ನದು. ಎಲ್ಲವನ್ನೂ ಜೋಡಿಸುವ ಕೆಲಸವೂ.

ನಾಲ್ಕು ವರ್ಷ ಪ್ರತಿ ಶನಿವಾರ ರಘುವಿನ ಗ್ಯಾರೇಜಿನಲ್ಲಿ ಒಟ್ಟಿಗೆ ಕೂತು ನುಡಿಸಿದ ಗುಂಪು ನಮ್ಮದು. ಸುನಿಲ್, ತೇಜಶ್ರೀ ಗಂಡ ಹೆಂಡತಿ. ಆಗಸ್ಟ್‌ನಲ್ಲಿ ಬೇರೆಯಾದರು. ಆಲ್ಬಮ್ ಮಾತ್ರ ಮುಗಿಸೋಣ ಅಂದರು, ಒಬ್ಬರ ಮುಖ ಒಬ್ಬರು ನೋಡದೆ. ಅವನು ಬರೆದವೆಲ್ಲ ರಾಕ್. ಅವಳವು ಆಲಾಪನೆ, ನಡುವೆ ಇದ್ದಕ್ಕಿದ್ದಂತೆ ಒಂದು ಡಿಸ್ಕೊ. ರಘುವಿಗೆ ತಮಟೆಯ ಪೆಟ್ಟೇ ಬೇಕು. ಮೊದಲಾದರೆ ಜಗಳವಾಡಿ ಒಂದು ದಾರಿಗೆ ಬರುತ್ತಿದ್ದರು.

ಶನಿವಾರ ಈಗ ಬಹಳ ಉದ್ದ.

ಜನವರಿ 26, ಭಾನುವಾರ

ಯುಗಳಗೀತೆ. ಸುನಿಲ್‌ನ ದನಿ ಎಡ ಸ್ಪೀಕರಿಗೆ, ತೇಜಶ್ರೀಯದು ಬಲಕ್ಕೆ ಇಟ್ಟೆ. ಹತ್ತಿರ ತಂದರೆ ಸುಳ್ಳು ಅನ್ನಿಸುತ್ತದೆ.

ತೇಜಶ್ರೀ ಫೋನ್. "ಕೇಳಿ ಅವ್ನು ಏನಂದ?"

"ಏನೂ ಅನ್ಲಿಲ್ಲ ಕಣೇ."

ಅರ್ಧ ಗಂಟೆಗೆ ಸುನಿಲ್. "ತೇಜು ಏನಾದ್ರೂ ಅಂದ್ಲಾ?"

"ಇಲ್ಲ."

ನನಗೆ ಮೂರು ದಿನದಿಂದ ಜ್ವರ. ಹೇಳುವುದಕ್ಕೆ ಸಂದರ್ಭ ಬರಲಿಲ್ಲ... ಗಂಜಿ ಮಾಡಿಕೊಂಡೆ.

ಫೆಬ್ರವರಿ 9, ಭಾನುವಾರ

ಒಂದು ಹಾಡು ಮಾಡಿದೆ. ನಾನೇ ಹಾಡಿದೆ — ಇಷ್ಟು ವರ್ಷ ಅವರೆದುರು ಬಾಯಿ ಬಿಟ್ಟವಳಲ್ಲ. ಕೀಬೋರ್ಡ್, ದನಿ, ಅಷ್ಟೇ. ಯಾವ ಶೈಲಿ ಎಂದು ಕೇಳಿದರೆ ಗೊತ್ತಿಲ್ಲ. ಎಲ್ಲರೂ ನೋಡುವ ಫೋಲ್ಡರಿಗೆ, ಎಂಟು ಹಾಡುಗಳ ಕೊನೆಗೆ ಒಂಬತ್ತನೆಯದಾಗಿ ಹಾಕಿದೆ. ಹೆಸರು ಬರೆಯಲಿಲ್ಲ. ಗುರುತಿಸುತ್ತಾರೆ ಅಂದುಕೊಂಡೆ.

ಫೆಬ್ರವರಿ 15, ಶನಿವಾರ

"ಪಾವನಾ, ಆ ಒಂಬತ್ತನೇದು ಯಾರದು?" ಸುನಿಲ್. "ಡೆಮೋ ಏನಾದ್ರೂ ತಪ್ಪಿ ಬಂದಿದ್ಯಾ? ತೆಗೆದ್ಬಿಡು. ಆಲ್ಬಮ್‌ಗೆ ಸೂಟ್ ಆಗಲ್ಲ."

"ಇದ್ರಲ್ಲಿ ಯಾವ್ದಕ್ಕೆ ಯಾವ್ದು ಸೂಟ್ ಆಗಿದೆ, ಸುನಿಲ್?"

ಅದಕ್ಕವನು, "ತೇಜು ಹಾಗಂದ್ಲಾ?"

ತೆಗೆಯಲಿಲ್ಲ. ಹಾಡಿದ್ದು ನಾನೇ ಅಂತಲೂ ಹೇಳಲಿಲ್ಲ.

ಮಾರ್ಚ್ 15, ಶನಿವಾರ

ಆಲ್ಬಮ್ ನಿನ್ನೆ ಹೊರಗೆ ಬಂತು, ಒಂಬತ್ತೂ ಹಾಡು. ಜನ ಮೆಚ್ಚಿ ಬರೆಯುತ್ತಿದ್ದಾರೆ: ಎಷ್ಟೊಂದು ಬಗೆಯ ಸಂಗೀತ, ಎಂಥ ಧೈರ್ಯ. ಆಫೀಸಿನ ಸುಪ್ರಿಯಾ ನಿನ್ನೆ ಲಂಚ್‌ನಲ್ಲಿ ಪಕ್ಕ ಬಂದು ಕೂತಳು. "ರಾಕ್, ತಮಟೆ, ಡಿಸ್ಕೊ! ನೀವೆಲ್ಲಾ ಸೇರ್ಕೊಂಡ್ರೆ ಎಷ್ಟು ಮಜಾ ಇರತ್ತೋ ಅಲ್ವಾ?"

ಹೌದು ಅಂದೆ.

ಇವತ್ತು ಯಾರೂ ಸೇರಲಿಲ್ಲ. ರಘು ಚಾಟ್ ಗುಂಪಿಗೆ ಹೂಗುಚ್ಛದ ಚಿತ್ರ ಕಳಿಸಿದ. ಗ್ಯಾರೇಜಿನಲ್ಲಿ ಈಗ ಕಾರು ನಿಲ್ಲಿಸುತ್ತಾನಂತೆ.

ಏಪ್ರಿಲ್ 24, ಗುರುವಾರ, ಮಧ್ಯಾಹ್ನ 12:40

ಓವರ್‌ಲೇಕ್, ಆಫೀಸ್ ಪಾರ್ಕಿಂಗ್. ಕಾರಿನಲ್ಲೇ ಬರೆಯುತ್ತಿದ್ದೇನೆ.

ತಿಂಗಳ ಮೇಲೆ ತೇಜಶ್ರೀ ಫೋನ್. ಹೊಸ ಗುಂಪು ಕಟ್ಟುತ್ತಾಳಂತೆ. "ಆ ಕೊನೇ ಹಾಡು ಹಾಡಿದೋಳು ಯಾರೇ? ಎಷ್ಟು ಸಲ ಕೇಳಿದೀನಿ ಗೊತ್ತಾ! ಡ್ರೈವ್ ಮಾಡ್ತಾ ಅತ್ತಿದೀನಿ. ಅವಳ ನಂಬರ್ ಕೊಡು ಪ್ಲೀಸ್."

"ನಾನೇ."

ನಕ್ಕಳು. "ಏ ಸುಮ್ನಿರೇ. ನೀನೆಲ್ಲಿ ಹಾಡ್ತೀಯ?"

ಕಿಟಕಿ ಏರಿಸಿದೆ. ಹಾಡಿದೆ. ಎರಡು ಸಾಲು. ಮೊದಲ ಸಾಲು ಮುಗಿಯುವಷ್ಟರಲ್ಲಿ ಅವಳ ನಗು ನಿಂತಿತ್ತು.

"ಪಾವನಾ... ಯಾಕೇ ಹೇಳ್ಲಿಲ್ಲ?"

ಯಾರು ಕೇಳಿದರು ಎನ್ನಬೇಕಿತ್ತು. ಎನ್ನಲಿಲ್ಲ. ಅವಳು ಆ ಕಡೆ ಕಾಯುತ್ತಿದ್ದಳು. ಸುನಿಲ್ ಬಗ್ಗೆ ಒಂದು ಮಾತಿಲ್ಲ. "ನೀನು ಹೇಗಿದೀಯಾ?" ಅಂದಳು.

"ನಾನು, ತೇಜು, ನಾನು... ಜನವರಿಯಲ್ಲಿ ನಂಗೆ ಜ್ವರ ಬಂದಿತ್ತು ಕಣೇ," ಅಂದೆ.