ಸೂಜಿಮನೆಯೊಳಗಿನ ಕಬ್ಬಿಣ

ಕಾಗಿಣಾ ದಂಡೆಯ ಸೂಜಿಮನೆ,
ಸೂಜಿ ಉತ್ತರವನ್ನು ಬಿಟ್ಟ ನೂರಾ ನಲವತ್ತನೆಯ ವರ್ಷ,
ಹದಿಮೂರನೆಯ ತಿಂಗಳ ಎರಡನೆಯ ದಿನ.

ಮಾನ್ಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಆದಷ್ಟು ನಿಮ್ಮ ಹಾಗೆ ಬರೆಯಲು ಯತ್ನಿಸಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಕ್ಷಮೆ ಕೇಳಲು ಇದಕ್ಕಿಂತ ದೊಡ್ಡ ಕಾರಣವಿದೆ. ಅದನ್ನೇ ಮೊದಲು ಹೇಳಬೇಕಿತ್ತು. ಆದರೆ ನಾಚಿಕೆಯ ವಿಷಯ ಹೇಳಬೇಕಾದವನು ಮೊದಲು ಮಳೆ ಬೆಳೆಯ ಮಾತು ತೆಗೆಯುತ್ತಾನಲ್ಲ, ನಾನೂ ಅಂಥವನೇ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈ ಸೂಜಿಮನೆಯನ್ನು ಕಟ್ಟಿಸಿ ಮೊದಲ ಅಳತೆ ಪುಸ್ತಕ ಬರೆದವರು ನೀವು ಎಂದಷ್ಟೇ ಗೊತ್ತು. ಗೆದ್ದಲು ರಟ್ಟಿನ ಮೇಲಿದ್ದ ಹೆಸರನ್ನು ತಿಂದು ಒಳಗಿನ ಹಾಳೆಗಳನ್ನು ಉಳಿಸಿದೆ. ನೆಲದಡಿ ಮೂರು ಸಾವಿರ ಕಿಲೋಮೀಟರು ಕೆಳಗೆ ಕರಗಿದ ಕಬ್ಬಿಣದ ಕಡಲೊಂದು ಕುದಿಯುತ್ತದೆ, ಅದರ ಸುಳಿಗಳಿಂದಲೇ ಭೂಮಿಗೆ ಕಾಂತಬಲ ಬರುತ್ತದೆ, ಸೂರ್ಯನಿಂದ ಬರುವ ಕಿಡಿಗಳನ್ನು ಅದೇ ತಡೆಯುತ್ತದೆ ಎಂದು ನೀವು ಮೊದಲ ಪುಟದಲ್ಲೇ ಬರೆದಿದ್ದೀರಿ. ನಾವು ಆ ಕಡಲನ್ನು ಒಳಗಡಲು ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದು ಪಂಡಿತರ ವಿಷಯವಾಗಿತ್ತಂತೆ. ಈಗ ಸಂತೆಯಲ್ಲಿ ಬದನೆಕಾಯಿ ಮಾರುವವರೂ ಅದರ ಬಗ್ಗೆ ಮಾತಾಡುತ್ತಾರೆ, ಏಕೆಂದರೆ ಒಳಗಡಲು ಮಗ್ಗುಲು ಬದಲಿಸುತ್ತಿದೆ. ಕಾಂತಬಲ ಅಲ್ಲಲ್ಲಿ ಸವೆದ ಪಂಚೆಯ ಹಾಗೆ ತೆಳುವಾಗಿದೆ. ಅಂಥ ಜಾಗಕ್ಕೆ ತೆಳುಪು ಎಂದು ಹೆಸರು. ಸಂಜೆ ಆಕಾಶದಲ್ಲಿ ಹಸಿರು ಪರದೆ ಎದ್ದರೆ ನಮ್ಮೂರ ಹೆಂಗಸರು ಅಂಗಳದ ಹಪ್ಪಳವನ್ನೆಲ್ಲ ಒಳಗೆ ತರುತ್ತಾರೆ. ಅದಕ್ಕೂ ಹಪ್ಪಳಕ್ಕೂ ಸಂಬಂಧವಿಲ್ಲ ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ಕೇಳುವುದಿಲ್ಲ.

ನಿಜವಾದ ಅಪಾಯ ಮೇಲ್ದೋಣಿಗಳಲ್ಲಿ ಕೆಲಸ ಮಾಡುವವರಿಗೆ. ಕಾಳುಕಡಿ, ಔಷಧಿ, ಟಪಾಲು ಎಲ್ಲವನ್ನೂ ಮೋಡಗಳಿಗಿಂತ ಎಷ್ಟೋ ಮೇಲೆ ಹೊತ್ತೊಯ್ಯುವ ದೊಡ್ಡ ಗಾಳಿಚೀಲಗಳವು. ಒಂದೊಂದರಲ್ಲೂ ಹತ್ತೊಂಬತ್ತು ಜನ ಎರಡೆರಡು ತಿಂಗಳು ಮೇಲೆಯೇ ಇರುತ್ತಾರೆ. ಅಷ್ಟು ಎತ್ತರದಲ್ಲಿ ಗಾಳಿಯ ಹೊದಿಕೆ ತೀರ ತೆಳುವಾದ್ದರಿಂದ ಕಾಂತಬಲವೇ ಅವರ ಕೊಡೆ. ಅದು ಎಲ್ಲಿ ತೆಳುವಾಯಿತೆಂದು ಅಳೆದು ಅವರನ್ನು ಕೆಳಗಿಳಿಸುವುದೇ ಸೂಜಿಮನೆಯ ಕೆಲಸ.

ನಿಮ್ಮ ಮನೆ ಹಾಗೆಯೇ ಇದೆ. ಶಹಾಬಾದ ಕಲ್ಲಿನ ಗೋಡೆ, ತಾಮ್ರದ ಮೊಳೆ, ಹಿತ್ತಾಳೆಯ ಚಿಲಕ. ಬೇವಿನ ಮರದ ಕೆಳಗೆ ನೀವಿಟ್ಟ ಕಟ್ಟಿಗೆಯ ಪೆಟ್ಟಿಗೆ ಎರಡು ಸಲ ಬದಲಾಗಿದೆ, ಪದ್ಧತಿ ಬದಲಾಗಿಲ್ಲ. ಕೀಲಿಕೈ, ಚಾಕು, ಬೆಲ್ಟು, ಹೇರ್‌ಪಿನ್ನು, ಮೊಳೆ ಹೊಡೆದ ಚಪ್ಪಲಿ ಎಲ್ಲವನ್ನೂ ಅಲ್ಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕು. ದೇವರ ಗುಡಿಗಿಂತ ಇಲ್ಲೇ ಮಡಿ ಹೆಚ್ಚು ಎಂದು ಊರವರು ನಗುತ್ತಾರೆ. ಕಬ್ಬಿಣ ಹತ್ತಿರ ಬಂದರೆ ಸೂಜಿ ಒಳಗಡಲನ್ನು ಬಿಟ್ಟು ಅದರ ಮಾತು ಕೇಳುತ್ತದೆ. ನೀವು ಬರೆದ ಎರಡನೆಯ ನಿಯಮ ಇನ್ನೂ ಗೋಡೆಯ ಮೇಲಿದೆ: ತಪ್ಪೆನಿಸಿದ ಅಂಕಿಯನ್ನು ಅಳಿಸಬಾರದು, ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದುವಂತಿರಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ, ನಾನು ಇಲ್ಲಿಯ ಮುಖ್ಯಸ್ಥನಾಗಿದ್ದಾಗ, ಸುಗಲಾಬಾಯಿ ಎಂಬ ಹೆಣ್ಣುಮಗಳು ಅಳತೆ ನೋಡುತ್ತಿದ್ದಳು. ಅವಳ ಗಂಡ ರೇವಣಸಿದ್ಧ ಮೇಲ್ದೋಣಿಯಲ್ಲಿದ್ದ. ಹೆರಿಗೆಯಾಗಿ ತಿಂಗಳಿಗೇ ಅವಳು ಕೆಲಸಕ್ಕೆ ಮರಳಿದಳು. ಬೇರೆ ಯಾರೂ ಇರಲಿಲ್ಲ. ಮರಳಿದ ದಿನದಿಂದ ಕಾಂತಬಲದ ಅಂಕಿ ಇಳಿಯತೊಡಗಿತು. ದಿನಕ್ಕೆ ಹನ್ನೊಂದು, ಒಮ್ಮೊಮ್ಮೆ ಹನ್ನೆರಡು. ಈ ಪ್ರದೇಶದಲ್ಲಿ ಮೂವತ್ತು ವರ್ಷ ತೆಳುಪು ಸುಳಿಯದು ಎಂದು ನಾನು ಹಿಂದಿನ ವರ್ಷವಷ್ಟೇ ದೊಡ್ಡ ಸಭೆಯಲ್ಲಿ ಹೇಳಿ ಹಾರ ಹಾಕಿಸಿಕೊಂಡು ಬಂದಿದ್ದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನು ನೆಲದ ಬದಲು ಬಾಣಂತಿಯನ್ನು ಹಿಡಿದೆ. ಬಾಣಂತಿಯರು ಗಾಳಿ ಸೋಕಬಾರದೆಂದು ಕಬ್ಬಿಣದ ತುಂಡು ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ. ಇವಳೂ ಸೆರಗಿನಲ್ಲಿ ಗಂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದಾಳೆ ಎಂದೆ.

ಅವಳು ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು: “ಸರ್, ನನ್ನ ಮೈಮ್ಯಾಲ ಗುಂಡುಪಿನ್ನಿನಷ್ಟೂ ಕಬ್ಬಣ ಇಲ್ರಿ. ಕತ್ರಿ ಕೂಸಿನ ತಲಿದಿಂಬಿನ ಬುಡಕ ಮನ್ಯಾಗ ಅದ. ನಂಬಿಕಿ ಇಲ್ಲಂದ್ರ ನೀವೇ ಒಳಗ ಬಂದು ಒಂದ್ಸಲ ಓದಿ ನೋಡ್ರಿ. ಅವರು ಮ್ಯಾಲ ಇದ್ದಾರ್ರಿ.”

ನಾನು ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ. ಅದಕ್ಕೂ ಮೂರು ವರ್ಷ ಮೊದಲು ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಾಗ ನನ್ನ ಮಂಡಿಯೊಳಗೆ ಉಕ್ಕಿನ ಪಟ್ಟಿ ಕೂರಿಸಿದ್ದರು. ಊರ ವೈದ್ಯರ ಬಳಿ ಬೇರೆ ಲೋಹವಿರಲಿಲ್ಲ. ಮೈಯಲ್ಲಿ ಉಕ್ಕಿರುವವನು ಸೂಜಿಮನೆಯ ಮುಖ್ಯಸ್ಥನಾಗಿರುವಂತಿಲ್ಲ. ಅದನ್ನು ಯಾರಿಗೂ ಹೇಳದೆ, ಅಂದಿನಿಂದ ಒಳಗೆ ಕಾಲಿಡದೆ, ಏನಾದರೊಂದು ನೆಪ ಹೇಳುತ್ತ ಕುರ್ಚಿ ಉಳಿಸಿಕೊಂಡಿದ್ದೆ. ಇಡೀ ಕಾಗಿಣಾ ದಂಡೆಯಲ್ಲಿ ಕಬ್ಬಿಣ ಮುಚ್ಚಿಟ್ಟುಕೊಂಡವನು ನಾನೊಬ್ಬನೇ. ಅದಕ್ಕೇ ಇರಬೇಕು, ಅವಳ ಸೆರಗಿನಲ್ಲಿ ಅದು ನನಗೆ ಅಷ್ಟು ಬೇಗ ಕಂಡದ್ದು.

ಸೆರಗಿನ ಕಬ್ಬಿಣ ಸೂಜಿಯನ್ನು ಆಚೀಚೆ ಕುಣಿಸುತ್ತದೆ, ದಿನಾ ಒಂದೇ ಲೆಕ್ಕದಲ್ಲಿ ಕೆಳಗಿಳಿಸುವುದಿಲ್ಲ. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ನಲವತ್ತನೆಯ ದಿನ ಅವಳನ್ನು ಕೆಲಸದಿಂದ ಬಿಡಿಸಿದೆ. ನಲವತ್ತು ಅಂಕಿಗಳನ್ನು ಬ್ಲೇಡಿನಿಂದ ಕೆರೆದು ತೆಗೆದು ಹಳೆಯ ಸರಾಸರಿಯನ್ನು ಬರೆದೆ. ಗೋಡೆಯ ಮೇಲಿನ ನಿಮ್ಮ ನಿಯಮದ ಕೆಳಗೇ ಕೂತು ಆ ಕೆಲಸ ಮಾಡುವ ಧೈರ್ಯವೂ ನನಗಿರಲಿಲ್ಲ. ಒಳಗೆ ಹೋಗುವಂತಿಲ್ಲವಲ್ಲ, ಪುಸ್ತಕವನ್ನು ಮನೆಗೆ ತರಿಸಿಕೊಂಡಿದ್ದೆ.

ಐದು ದಿನದ ಮೇಲೆ ಸೂರ್ಯನ ಬಿರುಗಾಳಿ ಬಂತು. ನಾವು ಯಾರನ್ನೂ ಕೆಳಗಿಳಿಸಲಿಲ್ಲ. ಮೇಲ್ದೋಣಿ ತಾನಾಗಿ ಇಳಿದಾಗ ಹತ್ತೊಂಬತ್ತು ಜನರೂ ನಡೆದೇ ಹೊರಬಂದರು, ನಗುತ್ತಲೂ ಇದ್ದರು. ಒಂದು ವಾರಕ್ಕೆ ಬಾಯಲ್ಲಿ ಹುಣ್ಣೆದ್ದವು. ಒಬ್ಬೊಬ್ಬರಾಗಿ ಎಲ್ಲರೂ ತೀರಿಕೊಂಡರು. ರೇವಣಸಿದ್ಧ ಎಲ್ಲರಿಗಿಂತ ಹೆಚ್ಚು ದಿನ ನರಳಿದ, ಎರಡು ತಿಂಗಳು. ಮಗುವನ್ನು ಅವನ ಹತ್ತಿರ ಬಿಡಲಿಲ್ಲವಂತೆ, ಸೋಂಕಾದೀತೆಂದು. ವಿಚಾರಣೆಗೆ ಬಂದವರು ಪುಸ್ತಕ ನೋಡಿ, ಮುನ್ಸೂಚನೆಯೇನೂ ಇರಲಿಲ್ಲ ಎಂದು ಬರೆದುಕೊಂಡು ಹೋದರು. ನಾನು ಅವರಿಗೆ ಚಹಾ ಕೊಟ್ಟೆ.

ಸುಗಲಾಬಾಯಿ ಈಗಲೂ ಇದೇ ಊರಿನಲ್ಲಿದ್ದಾಳೆ, ರೊಟ್ಟಿ ಬಡಿದು ಮಾರುತ್ತಾಳೆ. ನಡೆದದ್ದನ್ನು ಅವಳು ಊಹಿಸಿರಬೇಕು, ಆದರೆ ಅವಳ ಮಾತಿಗೆ ಸಾಕ್ಷಿಯಿಲ್ಲ. ಸಾಕ್ಷಿಯನ್ನು ನಾನೇ ಕೆರೆದು ಹಾಕಿದ್ದೇನೆ. ದಾರಿಯಲ್ಲಿ ಎದುರಾದರೆ “ಆರಾಮ್ ಇದ್ದೀರೇನ್ರಿ ಸರ್” ಎನ್ನುತ್ತಾಳೆ. ಬೈದರೆ ತಡೆದುಕೊಳ್ಳುತ್ತಿದ್ದೆ, ಈ ಮಾತನ್ನು ತಡೆದುಕೊಳ್ಳಲಾಗುವುದಿಲ್ಲ. ಅಂದಿನ ಕೂಸು ನೀಲಾಂಬಿಕಾ ಓದಿ ಮುಗಿಸಿ ನಾಳೆ ಇಲ್ಲಿ ಅಳತೆಗಾರ್ತಿಯಾಗಿ ಸೇರುತ್ತಾಳೆ. ಪದ್ಧತಿಯಂತೆ ಹೊಸಬರ ಮೊದಲ ಕೆಲಸ ಹಳೆಯ ಪುಸ್ತಕಗಳನ್ನೆಲ್ಲ ಓದುವುದು. ತಾಯಿಯ ಕೈಬರಹದ ನಡುವೆ ಸವೆದು ತೆಳುವಾದ ನಲವತ್ತು ಜಾಗಗಳನ್ನು ಅವಳು ಬೆಳಕಿಗೆ ಹಿಡಿದು ನೋಡದೆ ಬಿಡುವುದಿಲ್ಲ. ಅವಳು ಕೇಳುವ ಮೊದಲು ನಾನು ಹೇಳಬೇಕು. ಆ ನಲವತ್ತು ಅಂಕಿಗಳು ನನಗೆ ಬಾಯಿಪಾಠ. ಇವತ್ತು ಬೆಳಿಗ್ಗೆ ಪುಸ್ತಕಗಳನ್ನು ಹೊರಗೆ ಬೇವಿನ ಮರದ ಕೆಳಗೆ ತರಿಸಿಕೊಂಡು ಅವನ್ನೆಲ್ಲ ಅದೇ ಹಾಳೆಗಳ ಅಂಚಿನಲ್ಲಿ ಮತ್ತೆ ಬರೆದೆ. ಆದರೆ ಯಾಕೆ ಕೆರೆದೆ ಎಂಬುದನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ ನಿಮ್ಮ ಪುಸ್ತಕ ತೆರೆದೆ.

ಅದರ ಮೂವತ್ತೊಂದನೆಯ ಪುಟದಲ್ಲಿ ನಿಮ್ಮ ಒಂದು ಸಾಲಿದೆ: ಇಂದು ಸೀರೆಯ ಪಿನ್ನು ತೆಗೆಯಲು ಮರೆತು ಒಳಗೆ ಹೋದೆ, ಈ ಅಂಕಿಯ ತಪ್ಪು ನನ್ನದು. ಒಂದು ಪಿನ್ನಿಗೆ ನೀವು ಅಷ್ಟು ಬರೆದಿರಿ. ಅದರ ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟು ಮುಂದಿನ ದಿನದ ಅಳತೆ ಶುರುಮಾಡಿದ್ದೀರಿ. ಉಳಿದೆಲ್ಲ ಪುಟಗಳಲ್ಲಿ ನೀವು ಒಂದು ಬೆರಳಿನಷ್ಟು ಕಾಗದವನ್ನೂ ವ್ಯರ್ಥ ಮಾಡಿದವರಲ್ಲ. ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಈ ಪತ್ರ ಹೇಗಾದರೂ ನಿಮ್ಮ ಕೈಸೇರಿದರೆ, ಪಿನ್ನು ಮರೆತ ಆ ದಿನ, ಅಲ್ಲಿ ನಾಲ್ಕು ಸಾಲು ಜಾಗ ಬಿಡಿ.

ನಾನು ಅಲ್ಲಿ ಹೀಗೆ ಬರೆದಿದ್ದೇನೆ: ಆ ನಲವತ್ತು ದಿನ ಸುಗಲಾಬಾಯಿಯ ಮೈಮೇಲೆ ಕಬ್ಬಿಣ ಇರಲಿಲ್ಲ. ಕಬ್ಬಿಣ ನನ್ನ ಮಂಡಿಯಲ್ಲಿತ್ತು. ಅವಳು ಓದಿದ್ದೆಲ್ಲ ನಿಜ. ಮೂರೇ ಸಾಲಿನಲ್ಲಿ ಮುಗಿಯಿತು. ನಾಲ್ಕನೆಯದರಲ್ಲಿ ರುಜು ಹಾಕಿದೆ.

ಅಣವೀರ