ಕುಂಬಳಕಾಯಿಯ ಕೆಳಗೆ ಮಲ್ಲಿಗಮ್ಮ

ಮಾನ್ಯ ಕಾರ್ಮಿಕ ನಿರೀಕ್ಷಕರೇ,

ಸೋಮನಹಳ್ಳಿಯಲ್ಲಿ ನಮ್ಮಪ್ಪ ಕಟ್ಟಿಸುತ್ತಿರುವ ಮೂರಂತಸ್ತಿನ ಕಟ್ಟಡದ ಮೇಲಿಂದ ಬೂದುಗುಂಬಳಕಾಯಿ ಬಿದ್ದು, ಗಾರೆ ಹೊರುವ ಮಲ್ಲಿಗಮ್ಮನ ಭುಜ ಮುರಿಯಿತು. ನೀವು ಬಂದು ನೋಡಿ ‘ಆಕಸ್ಮಿಕ’ ಎಂದು ಹೇಳಿ ಹೋದಿರಿ. ನಮ್ಮ ಮನೆಯವರೆಲ್ಲ ನೆಮ್ಮದಿಯ ಉಸಿರುಬಿಟ್ಟರು. ನನಗೆ ನಾಚಿಕೆಯಾಯಿತು. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಆ ಕಾಯಿ ತಾನಾಗಿ ಹಾರಿ ಬಂತೇ? ಕಟ್ಟಡಕ್ಕೆ ದೃಷ್ಟಿ ತಾಗದಿರಲೆಂದು ಅಪ್ಪನೇ ಅದನ್ನು ಸೆಣಬಿನ ಹುರಿಯಲ್ಲಿ, ಕೆಲಸದವರು ಹತ್ತಿ ನಿಲ್ಲುವ ಸಾರುವೆಯ ಮರಕ್ಕೆ ಕಟ್ಟಿಸಿದ್ದರು. ಗೋಡೆಗೆ ದಿನವೂ ನೀರು ಹೊಡೆಯುವಾಗ ಹುರಿಯೂ ನೆನೆದು ಕೊಳೆಯಿತು. ಅದರ ಕೆಳಗೇ ಹೆಂಗಸರು ಓಡಾಡುವ ದಾರಿ. ಅಡ್ಡಕ್ಕೆ ಒಂದು ಬಲೆಯಿಲ್ಲ, ಯಾರ ತಲೆಗೂ ಹೆಲ್ಮೆಟ್ಟಿಲ್ಲ. ಮಲ್ಲಿಗಮ್ಮನ ತಲೆಯ ಮೇಲಿದ್ದದ್ದು ಹಳೇ ಸೀರೆಯ ಸಿಂಬೆ, ಅದರ ಮೇಲೆ ಗಾರೆಯ ಬಾಂಡ್ಲಿ. ಕಾಯಿ ಬಾಂಡ್ಲಿಗೆ ತಗುಲಿ ಭುಜಕ್ಕೆ ಜಾರಿದ್ದರಿಂದ ತಲೆ ಉಳಿಯಿತು. ಅಷ್ಟರಮಟ್ಟಿಗೆ ನಾವೂ ರಕ್ಷಣೆ ಒದಗಿಸಿದ್ದೆವು ಎನ್ನಿ!

ಆಕೆ ನೆಲದಲ್ಲಿ ನರಳುತ್ತಿದ್ದಾಗ ನಮ್ಮವ್ವ ಅಂದದ್ದು: “ಬುಡು ಕಣಮ್ಮಿ, ಕಾಯಿ ಒಡೀತು, ಕಟ್ಟಡದ ದಿಷ್ಟಿ ಎಲ್ಲಾ ಓಯ್ತು.” ಹೋದದ್ದೇನೋ ನಿಜ. ಯಾರ ಮೈಮೇಲೆ ಹೋಯಿತೆಂದು ಯಾರೂ ಕೇಳಲಿಲ್ಲ. ಸಂಜೆಯೊಳಗೆ ಅದೇ ಜಾಗದಲ್ಲಿ ಹೊಸ ಕಾಯಿ ತೂಗುತ್ತಿತ್ತು.

ಮರುದಿನ ನೀವು ಬಂದು ನಿಂತದ್ದು ಆ ಹೊಸ ಕಾಯಿಯ ಕೆಳಗೇ. ತಲೆಯೆತ್ತಿ ನೋಡಿ, ಮೆಲ್ಲಗೆ ಪಕ್ಕಕ್ಕೆ ಸರಿದಿರಿ. ಆಮೇಲೆ ಅಪ್ಪನಿಗೆ, “ದೇವ್ರ ಕಾರ್ಯಕ್ಕೆ ಕಟ್ಟಿದ್ದು, ಯಾರ್ನ ದೂರಕ್ಕಾಯ್ತದೆ ಯಜಮಾನ್ರೇ?” ಅಂದಿರಿ. ಸ್ವಾಮಿ, ಅದು ದೇವರ ಕಾರ್ಯವೇ ಆಗಿದ್ದರೆ ತಾವು ಸರಿದು ನಿಂತದ್ದೇಕೆ?

ಮೊನ್ನೆ ಮಲ್ಲಿಗಮ್ಮನ ಮನೆಗೆ ಹೋಗಿದ್ದೆ. ಬಲಗೈ ಮೇಲೇಳುವುದಿಲ್ಲ, ಮಗಳು ಸುನಿತಾ ಆಕೆಯ ತಲೆ ಬಾಚುತ್ತಿದ್ದಳು. “ನಿಮ್ಮಪ್ಪಾರು ಅಣ್ಣು ಕಳ್ಸವ್ರೆ ಕಣವ್ವ, ಒಳ್ಳೇರು. ಈ ಕೈಲಿ ಇನ್ ಬಾಂಡ್ಲಿ ಎತ್ತಕ್ಕಾಯ್ತದಾ ಅಂತ ಯಾರ್ನ ಕೇಳ್ಲಿ?” ಅಂದಳು ಮಲ್ಲಿಗಮ್ಮ. ಹಣ್ಣಿನ ಬುಟ್ಟಿ ಅಲ್ಲೇ ಮೂಲೆಯಲ್ಲಿತ್ತು. ಅದನ್ನು ನೋಡಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಿಮ್ಮ ‘ಆಕಸ್ಮಿಕ’ವನ್ನು ವಾಪಸ್ಸು ತೆಗೆದುಕೊಳ್ಳಿ. ಮಾಲೀಕ, ನಮ್ಮಪ್ಪ ಪುಟ್ಟಸ್ವಾಮಿಯವರ ನಿರ್ಲಕ್ಷ್ಯವೆಂದು ಬರೆಯಿರಿ, ಪರಿಹಾರ ಮಲ್ಲಿಗಮ್ಮನ ಹಕ್ಕೆಂದು ಬರೆಯಿರಿ. ಬಲೆ, ಹೆಲ್ಮೆಟ್ಟು ಬರುವವರೆಗೆ ಕೆಲಸ ನಿಲ್ಲಿಸಿ. ಸಾಕ್ಷಿ ಯಾರು ಎನ್ನುತ್ತೀರಿ. ಕೂಲಿಯವರು ಬಾಯಿಬಿಡಲಾರರು, ನಾಳೆ ಅವರನ್ನು ಕೆಲಸಕ್ಕೆ ಕರೆಯಬೇಕಾದವರು ನಾವೇ. ನಾನು ಹೇಳುತ್ತೇನೆ. ಅಪ್ಪನ ಎದುರಿಗೇ ಹೇಳುತ್ತೇನೆ.

ಇಂತಿ,
ಆ ಮನೆಯ ಅನ್ನವನ್ನೇ ಇನ್ನೂ ಉಣ್ಣುತ್ತಿರುವ ಮಗಳು,
ಅರ್ಪಿತ
ಸೋಮನಹಳ್ಳಿ, ಮದ್ದೂರು ತಾಲ್ಲೂಕು