ಇಲಿ ಬಾಗಿಲು ತೆಗೆದ ಸುದ್ದಿ

ಅಪ್ಪಾ,

ನೀನು ತೀರಿಕೊಂಡು ಮೂರು ವರ್ಷವಾಯಿತು. ಈ ಪತ್ರ ಎಲ್ಲಿಗೂ ಹೋಗುವುದಿಲ್ಲ. ಆದರೂ ಇವತ್ತಿನ ಸುದ್ದಿ ನಿನಗೆ ಹೇಳದೆ ಇರಲಾರೆ. ನನಗೆ ಪಿಎಚ್‌ಡಿ ಆಯಿತು! ಅವ್ವ ಜುಗೂಳದ ನಮ್ಮ ಓಣಿಯ ಹೆಂಗಸರನ್ನೆಲ್ಲ ಅಂಗಳಕ್ಕೆ ಕರೆದು ಪೇಡೆ ಹಂಚಿದಳು.

"ನಮ್ಮ ನೀಲಮ ಇಲಿಗೆ ಶೆರೆ ಕುಡಿಸಿ ಡಾಕ್ಟರ್ ಆಗ್ಯಾಳ್ರಿ!" ಎಂದು ಸಾರಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನು ವಿವರಿಸಿದೆ. ಒಂದು ಇಲಿಯನ್ನು ಸಣ್ಣ ಪಂಜರದಲ್ಲಿ ಕೂಡಿಹಾಕಿ, ಅದರ ಜೊತೆಗಾರ ಇಲಿ ಹೊರಗಿನಿಂದ ಬಾಗಿಲು ತೆಗೆದು ಬಿಡಿಸುತ್ತದೆಯೇ ಎಂದು ನೋಡುತ್ತಿದ್ದೆವು. ಮಾರ್ಫಿನ್ ಕೊಟ್ಟ ಇಲಿಗಳಲ್ಲಿ ಹೆಚ್ಚಿನವು ಮೂಲೆ ಬಿಟ್ಟು ಏಳಲೇ ಇಲ್ಲ. ಮದ್ಯ ಕುಡಿದವು ತೂರಾಡಿದವು, ತಡ ಮಾಡಿದವು, ಆದರೂ ಬಹಳಷ್ಟು ಇಲಿಗಳು ಬಾಗಿಲು ತೆಗೆದವು.

"ಹಂಗಾರ ಅದು ನಮ್ಮ ಜ್ಞಾನದೇವನ ಇಲಿ ಬಿಡವಾ!" ಎಂದು ನಿನ್ನ ಹೆಸರೆತ್ತಿದಳು ಪಕ್ಕದ ಮನೆಯ ಅನಸವ್ವ. "ಹೊಳಿ ಬಂದಾಗ ಕುಡದ ತೂರಾಡಕೋತ ಬಂದು, ಎದಿಮಟಾ ನೀರಾಗ ನಿಂತ ನಮ್ಮ ಎಮ್ಮಿ ಕಣ್ಣಿ ಬಿಚ್ಚಿದಾಂವ ಅವನ."

"ಅವತ್ತ ಮನಿಗೆ ಬಂದಾಗ ಕಾಲಾಗ ಚಪ್ಪಲ್ ಇರಲಿಲ್ಲ, ಹೆಗಲ ಮ್ಯಾಲ ಯಾರದೋ ಆಡಿನ ಮರಿ ಇತ್ತು," ಎಂದು ಅವ್ವ ನಗುತ್ತಲೇ ಕಣ್ಣೊರೆಸಿಕೊಂಡಳು. ಪೇಡೆ ಗಂಟಲಿಗೆ ಸಿಕ್ಕುವಷ್ಟು ನಾನೂ ನಕ್ಕೆ.

ಆ ದಿನ ನೀನು ನನಗೆ ಧಾರವಾಡಕ್ಕೆ ಫೋನ್ ಮಾಡಿದ್ದೆ. "ನೀಲೂ, ಎಮ್ಮಿ…" ಎಂದೆ. ನಾಲಿಗೆ ತೊದಲುತ್ತಿತ್ತು. ನಾನು ಫೋನ್ ಇಟ್ಟುಬಿಟ್ಟೆ.

ಎಮ್ಮೆಯ ಸುದ್ದಿ ಇವತ್ತು ಪೂರ್ತಿ ಕೇಳಿದೆ, ಅಪ್ಪಾ.

ನಿನ್ನ ನೀಲೂ